ಮೊದಲ ಹೆಸರಿನ ಎರರ್

ಮ್ಯಾಕ್ಸಿಮ್ ಅಂಕಲಿಗೆ ಎಪ್ಪತ್ತರ ಹತ್ತಿರ. ಆಂಡ್ರಿಯಾಳಿಗೆ ಮೂವತ್ತೊಂದು. ಆದರೂ ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ಆ ಮುದುಕರೇ ಮೊದಲು, ತನ್ನ ಹೆಂಡತಿ ಆಂಡ್ರಿಯಾ ಎರಡನೆಯವಳು. ಇದು ಯಾವ ಸೀಮೆಯ ನ್ಯಾಯ ಎಂದು ಶೆರ್ವಿನ್ ಒಳಗೊಳಗೇ ಕುದಿಯುತ್ತಿದ್ದ. ಡಯಾಲಿಸಿಸ್ ಇನ್ನು ಹೆಚ್ಚು ದಿನ ನಡೆಯದು ಎಂದು ಡಾಕ್ಟರು ಹೇಳಿಯಾಗಿತ್ತು. ಮುಂದಿನ ಕಿಡ್ನಿ ತಪ್ಪಿದರೆ ಅವಳು ಉಳಿಯುವುದಿಲ್ಲ.

ಫಳ್ನೀರಿನ ಆ ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಅವನ ಕೈಯಲ್ಲೇ ಇದ್ದವು. ಹೊಸ ವೆಬ್‌ಸೈಟು ಪಟ್ಟಿಯ ಹೆಸರುಗಳನ್ನು ಮೇಲಿನಿಂದ ಒಂದೊಂದಾಗಿ ಎತ್ತಿ, ರಕ್ತ ಹೊಂದುತ್ತದೆಯೇ ಎಂದು ಲ್ಯಾಬಿನ ಹಳೆಯ ಸಾಫ್ಟ್‌ವೇರನ್ನು ಕೇಳುತ್ತಿತ್ತು. ಆ ಹಳೆಯದೋ, ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿದ ಅಜ್ಜನ ಹಾಗೆ. ಪ್ರತಿ ಸಲವೂ ಮೊದಲ ಪ್ರಶ್ನೆಗೆ ಎರರ್ ಎಂದು, ಮತ್ತೆ ಕೇಳಿದರೆ ಮಾತ್ರ ಉತ್ತರ ಕೊಡುವುದು ಅದರ ಚಾಳಿ. ಆಗ ಪರದೆಯಲ್ಲಿ ಕೆಂಪು ಅಕ್ಷರ ಮೂಡಿ, ವೆಬ್‌ಸೈಟು ಇನ್ನೊಮ್ಮೆ ಕೇಳುವಂತೆ ಶೆರ್ವಿನ್ನೇ ಬರೆದಿಟ್ಟಿದ್ದ. ಈಗ ಅದನ್ನೇ ತಿದ್ದಿದ. ಮೊದಲ ಹೆಸರಿಗೆ ಎರರ್ ಬಂದರೆ ಕೆಂಪು ಅಕ್ಷರ ಬೇಡ, ಮತ್ತೆ ಕೇಳುವುದೂ ಬೇಡ. ‘ಹೊಂದುವುದಿಲ್ಲ’ ಎಂದು ತೋರಿಸಿ ಮುಂದಿನ ಹೆಸರಿಗೆ ಹೋಗಲಿ. ಮ್ಯಾಕ್ಸಿಮ್ ಎಂದು ಅವನು ಎಲ್ಲಿಯೂ ಬರೆಯಲಿಲ್ಲ. ನಾಳೆ ಯಾರು ಕೆದಕಿದರೂ ಹಳೆಯ ಯಂತ್ರದ ಹಳೆಯ ರೋಗ ಎಂದುಕೊಳ್ಳಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಮುದುಕರ ಮುಖ ನೆನಪಾಯಿತು. ಡಯಾಲಿಸಿಸ್ ವಾರ್ಡಿನಲ್ಲಿ ಪಕ್ಕದ ಮಂಚದಿಂದ ಆಂಡ್ರಿಯಾಳನ್ನು ನಗಿಸುತ್ತಿದ್ದ ಮನುಷ್ಯ. ಪಾಪವೇ ಸರಿ. ಆದರೆ ಅವಳಿಲ್ಲದ ಮನೆಯನ್ನು ನೆನೆಸಿಕೊಂಡಾಗ ಯಾವ ಪಾಪವೂ ದೊಡ್ಡದೆನಿಸಲಿಲ್ಲ.

ಮರುದಿನ ಮಧ್ಯಾಹ್ನ ನರ್ಸ್ ಲಿಲ್ಲಿ ಫೋನು ಮಾಡಿದಳು. ಅಪಘಾತದಲ್ಲಿ ಮಿದುಳು ಸತ್ತ ಯುವಕನೊಬ್ಬನ ಮನೆಯವರು ಒಪ್ಪಿದ್ದಾರೆ, ಒಂದು ಕಿಡ್ನಿ ಇಲ್ಲಿಗೇ ಸಿಗುತ್ತದೆ, ಪಟ್ಟಿ ಓಡಿಸುತ್ತಿದ್ದೇವೆ ಎಂದಳು. ಶೆರ್ವಿನ್ ಬಿಕರ್ನಕಟ್ಟೆಯ ಮನೆಗೆ ಓಡಿದ. ಹೆಂಡತಿಯ ಬಟ್ಟೆಗಳನ್ನು ಚೀಲಕ್ಕೆ ತುಂಬಿ, ಅವಳ ಊದಿದ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಯ ಕರೆಗೆ ಕಾದ. ಸಂಜೆಯಾದರೂ ಫೋನು ಸದ್ದು ಮಾಡಲಿಲ್ಲ. ಕೊನೆಗೆ ತಾನೇ ಲಿಲ್ಲಿಯನ್ನು ಕೇಳಿದ.

“ಸಾರಿ ಶೆರ್ವಿನ್,” ಎಂದಳು ಅವಳು. “ಎರಡನೆಯವರಿಗೆ ಹೊಂದಿತು. ಆಪರೇಷನ್ ಶುರುವಾಗಿ ಆಯ್ತು.”

ಅವನಿಗೆ ಅರ್ಥವಾಗಲಿಲ್ಲ. ಎರಡನೆಯವಳು ಇಲ್ಲೇ ಇದ್ದಾಳಲ್ಲ?

ಅಷ್ಟರಲ್ಲಿ ಮ್ಯಾಕ್ಸಿಮ್ ಅಂಕಲ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕಿಡ್ನಿ ಸಿಕ್ಕಿದ ಸುದ್ದಿ ಕೇಳಿ, ಬಾಲ ಯೇಸುವಿಗೆ ಮೇಣದಬತ್ತಿ ಉರಿಸಿ ಬಂದಿದ್ದರಂತೆ. ಇಬ್ಬರೂ ಮನೆಯಲ್ಲೇ ಇರುವುದನ್ನು ಕಂಡು ಅವರ ಮುಖ ಇಳಿಯಿತು. “ಇನ್ನೂ ಹೊರಡಲಿಲ್ಲವಾ? ಎಂತ ಮಾರಾಯ ಇದು?” ಎಂದರು. “ಈ ಹುಡುಗಿಯ ಅವಸ್ಥೆ ನೋಡ್ಲಿಕ್ಕಾಗದೆ ಬೆಳಿಗ್ಗೆಯೇ ಹೋಗಿ ನನ್ನ ಹೆಸರು ತೆಗೆಸಿದ್ದೇನೆ. ಈಗ ಪಟ್ಟಿಯಲ್ಲಿ ಆಂಡ್ರಿಯಾಳೇ ಮೊದಲು.”