ಕ್ಯಾಸೆಟ್ಟಿನೊಳಗಿನ ತಮಟೆ

"ಇಷ್ಟೆಲ್ಲ ಹೊಗಳೀರಿ, ತಮಟೆ ಬಗ್ಗೆ ಒಂದು ಮಾತೂ ಇಲ್ವಲ್ರೀ?"

ತಿಪ್ಪೇಶ ತಿರುಗಿ ನೋಡಿದ. ಚನ್ನಗಿರಿ ಕಾಲೇಜಿನ ಭಿತ್ತಿಪತ್ರಿಕೆಯ ಮುಂದೆ ಕಸ್ತೂರಿ ನಿಂತಿದ್ದಳು. ಬಸವಾಪಟ್ಟಣದಿಂದ ಬಸ್ಸಿನಲ್ಲಿ ಬರುವ, ಅವನದೇ ಬಿ.ಎ. ಕ್ಲಾಸಿನ ಹುಡುಗಿ. ಅವಳ ಬೆರಳು ಅವನ ಲೇಖನದ ಮೇಲಿತ್ತು.

ಅದು 1985. ಜಯದೇವ ಗೋಪನಾಳ್ ಎಂಬ ಹೊಸಬನ ಮೊದಲ ಕ್ಯಾಸೆಟ್ 'ಕೆರೆಕೋಡಿ' ಆಗಷ್ಟೇ ಬಂದಿತ್ತು. ತಾನೇ ಬರೆದು, ತಾನೇ ರಾಗ ಕಟ್ಟಿ, ಗಿಟಾರ್ ಹಿಡಿದು ಹಳ್ಳಿಯ ಮಟ್ಟಿನಲ್ಲಿ ಹಾಡಿದ್ದ. ತಿಪ್ಪೇಶ ಎರಡು ಹಾಳೆ ತುಂಬ ಹೊಗಳಿದ್ದ. ಇವನು ಪ್ರೀತಿ ಎಂದರೆ ಚಂದ್ರನನ್ನು ಕರೆಯುವುದಿಲ್ಲ, ಕೊನೆಯ ಬಸ್ಸು ತಪ್ಪಿಸಿಕೊಂಡವನನ್ನು ಹಾಡುತ್ತಾನೆ. ದನಿ ಒಡೆದರೆ ಒಡೆದಂತೆಯೇ ಬಿಡುತ್ತಾನೆ. ಹಾಡು ಮುಗಿದ ಮೇಲೂ ತಂತಿ ನಡುಗುವುದು ಕೇಳುತ್ತದೆ ಎಂದೆಲ್ಲ.

"ನಂಗೆ ಗಿಟಾರ್ ಇಷ್ಟ ಆತು, ಅದ್ಕೆ..."

"ಬಿ ಸೈಡಿನ ಕೊನೇ ಹಾಡು ಕೇಳಿಲ್ವಾ? ಗಿಟಾರ್ ಸುಮ್ನಾಗ್ತತೆ, ತಮಟೆ ಒಂದೇ ಉಳಿತತೆ. ಮೈ ಜುಂ ಅಂತತೆ ಕಣ್ರೀ. ಹಿಂಗೆ." ಅವಳು ಭಿತ್ತಿಪತ್ರಿಕೆಯ ಹಲಗೆಯ ಮೇಲೆ ಬೆರಳಿನಿಂದ ಬಡಿದಳು.

"ಹಂಗಲ್ಲ." ತಿಪ್ಪೇಶನ ಬೆರಳುಗಳು ತಾವಾಗಿಯೇ ಸರಿಯಾದ ಪೆಟ್ಟು ಹಾಕಿದವು.

ಅವಳು ಆ ಬೆರಳುಗಳನ್ನು ನೋಡಿದಳು. ಆಮೇಲೆ ಮುಖ ನೋಡಿದಳು. ತುಟಿ ಕಚ್ಚಿ ನಕ್ಕಳು. "ಕಳ್ಳರು ನೀವು. ಗೊತ್ತಿದ್ದೂ ಬರ್ದಿಲ್ಲ."

ಯಾಕೆ ಬರೆಯಲಿಲ್ಲವೆಂದು ಅವನು ಹೇಳಿದ್ದು ಮಳೆಗಾಲ ಮುಗಿದ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ.

"ಬಿಳಿಚೋಡಿನಾಗೆ ನಮ್ಮಪ್ಪ ತಮಟೆ ಬಡೀತಾನೆ. ದುರುಗಪ್ಪ ಅಂತ. ಬರೆದ್ರೆ, ಇವನಿಗೆ ಇದೆಲ್ಲ ಹೆಂಗೆ ಗೊತ್ತು ಅಂತ ಕೇಳ್ತಾರೆ."

ಕಂಡಕ್ಟರ್ ಸೀಟಿ ಊದಿದ. ಕಸ್ತೂರಿ ಮೆಟ್ಟಿಲು ಹತ್ತಿ, ಕಂಬಿ ಹಿಡಿದು, ಬಗ್ಗಿ ಕೇಳಿದಳು: "ನಾಳೆ ಸಿಗ್ತೀಯಲ್ಲ?"

ಮೊದಲ ಸಲ 'ರೀ' ಬಿಟ್ಟಿದ್ದಳು. ತಿಪ್ಪೇಶ ಹಾಸ್ಟೆಲ್ಲಿನ ಊಟ ಮರೆತ.

ಕೊನೆಯ ವರ್ಷದ ಪರೀಕ್ಷೆ ಹತ್ತಿರ ಬಂದಾಗ ಅವನು ನೇರವಾಗಿ ಕೇಳಿದ. "ನನ್ನ ಮದ್ವೆ ಆಗ್ತೀಯಾ? ನಿಮ್ಮಪ್ಪನ ಕೇಳಾಕೆ ನಾನು ತಯಾರಿದೀನಿ."

"ಹೂಂ. ಆದ್ರೆ ಅವಸರ ಮಾಡ್ಬ್ಯಾಡ. ಮೊದ್ಲು ಅಪ್ಪಗೆ ಕ್ಯಾಸೆಟ್ ಕೇಳಿಸ್ತೀನಿ."

ವಾರ ಕಳೆದು ಓಡುತ್ತಲೇ ಬಂದಳು. "ಅಪ್ಪ ಕುರ್ಚಿ ಮೇಲೆ ತಾಳ ಹಾಕಿದ್ರು ಕಣೋ! ಅಣ್ಣನ ಮದ್ವೆಗೆ ಇಂಥ ತಮಟೇನೇ ಬೇಕು ಅಂದ್ರು. ನಾನು ನಿಮ್ಮಪ್ಪನ ಹೆಸ್ರು ಹೇಳಿದೆ. ನಿಮ್ಮಪ್ಪ ನಮ್ಮನೀಗೆ ಬರ್ತಾರೆ!"

"ಮನೀಗಾ, ಮನೆ ಮುಂದಕ್ಕಾ?"

"ನಿಂದು ಯಾವಾಗ್ಲೂ ಕೊಂಕು. ಮದ್ವೆ ಮುಗೀಲಿ, ಅಪ್ಪನ ಹತ್ರ ನಿನ್ನ ವಿಷ್ಯ ನಾನೇ ಮಾತಾಡ್ತೀನಿ."

ಅವಳ ಕಣ್ಣುಗಳು ಎಷ್ಟು ಹೊಳೆಯುತ್ತಿದ್ದವೆಂದರೆ ಅವನು ವಾದ ಮಾಡಲಿಲ್ಲ. ಒಂದಿಷ್ಟು ನಂಬಿದ ಕೂಡ.

ಮದುವೆಯ ದಿನ ಅಪ್ಪನ ಜೊತೆ ತಾನೂ ತಮಟೆ ಹಿಡಿದು ಹೋದ. ಮೆರವಣಿಗೆ ಮನೆ ಮುಟ್ಟಿತು. ನೆಂಟರು ಚಪ್ಪರದೊಳಗೆ ಊಟಕ್ಕೆ ಹೋದರು. ತಮಟೆಯವರು ಬಣವೆಯ ಆಚೆ ಕೂತರು. ಒಳಗೆ ಟೇಪ್‌ರೆಕಾರ್ಡರಿನಲ್ಲಿ 'ಕೆರೆಕೋಡಿ' ಹಾಡುತ್ತಿತ್ತು. ಕಸ್ತೂರಿಯ ಅಪ್ಪ ಪಂಚಾಕ್ಷರಪ್ಪ ಬೀಗರಿಗೆ ಹೇಳುತ್ತಿದ್ದರು: "ಮುಂದೆ ಕೇಳ್ರಿ, ತಮಟೆ ಬರ್ತತೆ. ಜೀವ ಐತೆ ಅದ್ರಾಗೆ."

ರೇಷ್ಮೆ ಸೀರೆಯ ಕಸ್ತೂರಿ ಕೊಡ ಮತ್ತು ಚೊಂಬು ಹಿಡಿದು ಹೊರಗೆ ಬಂದಳು. "ಆಳು ಐತಲ್ಲೇ, ನೀನ್ಯಾಕೆ?" ಎಂದು ಅವಳ ಅವ್ವ ಬಾಗಿಲಿಂದ ಕೂಗಿದರೂ ನಿಲ್ಲಲಿಲ್ಲ. ತಿಪ್ಪೇಶನ ಎದೆ ಹಿಗ್ಗಿತು.

ದುರುಗಪ್ಪ ಬಗ್ಗಿ ಬೊಗಸೆ ಒಡ್ಡಿದ. ಅವಳು ನೀರು ಹೊಯ್ದಳು.

ಚೊಂಬು ಅವಳ ಭುಜದ ಎತ್ತರದಲ್ಲಿತ್ತು. ಯಾರೂ ಹೇಳಿರಲಿಲ್ಲ. ಚಿಕ್ಕಂದಿನಿಂದ ನೋಡಿದ ಕೈ, ಮುಟ್ಟಿಸಿಕೊಳ್ಳದಂತೆ ತಾನಾಗಿಯೇ ಮೇಲಕ್ಕೆ ಹೋಗಿತ್ತು.

"ತಣ್ಣಗಿರವ್ವ," ಎಂದು ದುರುಗಪ್ಪ ಬಾಯಿ ಒರೆಸಿಕೊಂಡ.

ಅವಳು ತಿಪ್ಪೇಶನ ಮುಂದೆ ಬಂದಳು. ಅವನ ಕಣ್ಣು ಎಲ್ಲಿ ನಿಂತಿದೆಯೆಂದು ನೋಡಿದಳು. ಇನ್ನೂ ಗಾಳಿಯಲ್ಲೇ ಇದ್ದ ತನ್ನ ಕೈ ಕಂಡಿತು. ಮುಖದ ಬಣ್ಣ ಹೋಯಿತು. ಕೈ ಇಳಿಸಿ ಚೊಂಬನ್ನೇ ಅವನತ್ತ ಚಾಚಿದಳು. "ತಗೋ," ಎಂದಳು, ಅವನಿಗೆ ಮಾತ್ರ ಕೇಳುವಂತೆ. "ತಗೋ, ನಿನ್ನ ಕಾಲಿಗೆ ಬೀಳ್ತೀನಿ."

ಜಗಲಿಯ ಮೇಲೆ ಹೆಂಗಸರು ನೋಡುತ್ತಿದ್ದರು. ಪಂಚಾಕ್ಷರಪ್ಪನೂ ಎದ್ದು ನಿಂತಿದ್ದರು. ಚೊಂಬು ತೆಗೆದುಕೊಂಡರೆ ಅವಳು ಆ ಮನೆಯೊಳಗೆ ಏನು ಅನುಭವಿಸಬೇಕೋ. ಅಪ್ಪ ಪೆಟ್ಟು ತಿನ್ನದೆ ಬಸ್ ಸ್ಟ್ಯಾಂಡ್ ಮುಟ್ಟುತ್ತಾನೋ ಇಲ್ಲವೋ.

ತಿಪ್ಪೇಶ ಬಗ್ಗಿ ಬೊಗಸೆ ಒಡ್ಡಿದ.

"ನೀರು ಹಾಕ್ರಿ, ಅಮ್ಮಾರೇ."

ಅವಳು ಹಾಕಿದಳು. ಅರ್ಧ ನೀರು ನೆಲಕ್ಕೇ ಹೋಯಿತು. ಒಳಗೆ ಗಿಟಾರ್ ಸುಮ್ಮನಾಯಿತು, ತಮಟೆ ಒಂದೇ ಉಳಿಯಿತು. ದುರುಗಪ್ಪ ಕಿವಿ ಕೊಟ್ಟು ಕೇಳಿ ತಲೆದೂಗಿದ.

"ಯಾರೋ ಏನೋ, ಚೆನ್ನಾಗಿ ಬಡ್ದಾನೆ ಕಣ್ಲಾ."

"ಹೂಂ ಅಪ್ಪ," ಎಂದು ತಿಪ್ಪೇಶ ತಮಟೆ ಹೆಗಲಿಗೇರಿಸಿಕೊಂಡ. ಕಸ್ತೂರಿ ಅಲ್ಲೇ ನಿಂತಿದ್ದಳು. ಚೊಂಬು ಖಾಲಿಯಾಗಿತ್ತು. ಅವಳು ಅದನ್ನು ಇನ್ನೂ ಬಗ್ಗಿಸಿಯೇ ಹಿಡಿದಿದ್ದಳು.