ಇನ್ನೂರು ಜಾರಿನ ಡೋಸ್

"ಕಾಲೇಜು ಗೇಟಿನ ಗಿಡಮೂಲಿಕೆ ಅಂಗಡಿಯ ಬೇರು ವಿಷ. ಆರು ಇಲಿಗಳಲ್ಲಿ ನಾಲ್ಕು ಸತ್ತವು." ಔಷಧಶಾಸ್ತ್ರದ ಕ್ಲಾಸಿನಲ್ಲಿ ವಿಲ್ಫ್ರಿಡೊ ತನ್ನ ರಿಪೋರ್ಟ್ ಓದಿದ. ಆ ಅಂಗಡಿ ನಮ್ಮಮ್ಮನದು ಅಂತ ಅವನಿಗೆ ಗೊತ್ತಿರಲಿಲ್ಲ. ಎರಡು ತಿಂಗಳಿಂದ ಅವನನ್ನು ಕದ್ದು ನೋಡುತ್ತಿದ್ದವಳು ನಾನು ಅಂತಲೂ ಗೊತ್ತಿರಲಿಲ್ಲ.

ಶುಕ್ರವಾರ ನಗರಸಭೆಯವರನ್ನು ಕರೆಸಿ ಅಂಗಡಿ ಎತ್ತಿಸುತ್ತೇನೆ ಅಂದರು ಪ್ರೊಫೆಸರ್. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತೆ.

"ಡೋಸ್ ಎಷ್ಟು ಕೊಟ್ಟೆ?"

"ಕಿಲೋ ತೂಕಕ್ಕೆ ಇಪ್ಪತ್ತು ಗ್ರಾಂ."

"ನನ್ನ ತೂಕ ಐವತ್ತು. ಲೆಕ್ಕ ಹಾಕು."

ಅವನ ಕಣ್ಣು ನನ್ನನ್ನು ತಲೆಯಿಂದ ಕಾಲಿನವರೆಗೆ ತೂಗಿತು. ಕಿವಿ ಕೆಂಪಾಯಿತು. "ಒಂದು ಕಿಲೋ."

"ನಮ್ಮಮ್ಮ ಎರಡು ಲೀಟರ್ ನೀರಿನ ಜಾರಿಗೆ ಹಾಕೋದು ಐದೇ ಗ್ರಾಂ. ನಾನು ಇನ್ನೂರು ಜಾರು ಕುಡೀಬೇಕು. ಬೇರು ಯಾಕೆ ಮಾರಾಯ, ಅಷ್ಟೊತ್ತಿಗೆ ನೀರೇ ನನ್ನ ಮುಗಿಸಿರುತ್ತೆ."

ಕ್ಲಾಸೆಲ್ಲ ನಕ್ಕಿತು. ಅವನು ಮಾತ್ರ ಕಾಗದ ನೋಡುತ್ತ ನಿಂತ.

"ಕೂತ್ಕೋ ನಿಮಿಯಾ," ಅಂದರು ಪ್ರೊಫೆಸರ್.

"ಕೂರಲ್ಲ ಸರ್. ಡೋಸ್ ಹೇಳದೆ ವಿಷ ಅನ್ನಬಾರದು ಅಂತ ಮೊದಲ ಪಾಠದಲ್ಲಿ ನೀವೇ ಹೇಳಿದ್ರಿ."

ಕಾರಿಡಾರಿನಲ್ಲಿ ವಿಲ್ಫ್ರಿಡೊ ಓಡಿಬಂದ. "ನಿನ್ನ ಲೆಕ್ಕ ಸರಿ. ಆದ್ರೆ ರಿಪೋರ್ಟ್ ವಾಪಸ್ ತಗೊಂಡ್ರೆ ಪ್ರೊಫೆಸರ್ ಹತ್ತಿರ ನನ್ನ ಅಸಿಸ್ಟೆಂಟ್ ಕೆಲಸ ಹೋಗುತ್ತೆ."

"ಇಟ್ಕೋ ನಿನ್ನ ಕೆಲಸಾನ. ನಮ್ಮಮ್ಮ ಬೇರೆ ಗೇಟು ಹುಡುಕ್ತಾಳೆ."

ಅಷ್ಟು ಜಂಬದಿಂದ ಹೇಳಿ ಬಂದವಳು ಬಾತ್‌ರೂಮಿನಲ್ಲಿ ಅತ್ತೆ. ಇಂಥವನು ಇಷ್ಟವಾದನಲ್ಲ ಅಂತ ನನ್ನ ಮೇಲೇ ಸಿಟ್ಟು.

ಶುಕ್ರವಾರ ನಮ್ಮ ಅಸುನ್ಸಿಯೋನ್ ಊರಿನ ಬಿಸಿಲು ನೆತ್ತಿ ಸುಡುತ್ತಿತ್ತು. ಅಮ್ಮ ಒರಳಲ್ಲಿ ಬೇರು ಕುಟ್ಟುತ್ತಿದ್ದಳು. ಪ್ರೊಫೆಸರ್ ಗೇಟಿನಲ್ಲಿ ವಾಚ್ ನೋಡುತ್ತ ನಿಂತಿದ್ದರು. ವಿಲ್ಫ್ರಿಡೊ ನೇರ ಅವರ ಹತ್ತಿರ ಹೋದ.

"ನಗರಸಭೆಯವರು ಬರಲ್ಲ ಸರ್. ರಿಪೋರ್ಟ್ ತಪ್ಪು ಅಂತ ಬೆಳಗ್ಗೆಯೇ ಬರೆದುಕೊಟ್ಟು ಬಂದೆ."

"ನಿನ್ನ ಕೆಲಸ?"

"ಅದನ್ನೂ ಬಿಟ್ಟೆ."

ಬಂದು ನಮ್ಮ ಮಣೆಯ ಮೇಲೆ ಕೂತ. ಅಮ್ಮ ಅದೇ ಬೇರು ಹಾಕಿದ ತಣ್ಣನೆಯ ಪಾನೀಯ ತೆರೆರೆಯ ಜಾರನ್ನು ನನ್ನ ಕಡೆ ತಳ್ಳಿದಳು. ಕೊಂಬಿನ ಲೋಟ ತುಂಬಿ ಕೊಟ್ಟೆ. ಕುಡಿದು ವಾಪಸ್ ಕೊಟ್ಟ. ಮತ್ತೆ ತುಂಬಿದೆ. ನಮ್ಮಲ್ಲಿ ಸಾಕು ಅನ್ನಿಸಿದವರು ಮಾತ್ರ ಥ್ಯಾಂಕ್ಸ್ ಅನ್ನುತ್ತಾರೆ. ಅನ್ನುವವರೆಗೂ ಲೋಟ ಬರುತ್ತಲೇ ಇರುತ್ತದೆ.

"ನಾಲ್ಕಾಯ್ತು. ಥ್ಯಾಂಕ್ಸ್ ಹೇಳಲ್ವಾ?"

"ನಿನಗೆ ಮಾತ್ರ ಯಾವತ್ತೂ ಹೇಳಲ್ಲ, ನಿಮಿಯಾ."

ಅಮ್ಮನ ಒನಕೆ ನಿಂತಿತು. "ಹಾಗಾದ್ರೆ ಸುಮ್ನೆ ಕೂರಬೇಡ, ಬಂದು ಕುಟ್ಟು."

ಪ್ರೊಫೆಸರ್ ಇನ್ನೂ ನೋಡುತ್ತಿದ್ದರು. ನೋಡಲಿ ಅಂತಲೇ ಅವನ ಕೈ ಹಿಡಿದೆ, ಐದನೆಯ ಲೋಟ ತುಂಬಿದೆ.