ಗಡಿಯಾಚೆಯ ಗಂಟೆ

ಹಾಜ್ ಬೂಜಿಯಾನ್‌ನ ಹೆಣ ಕಾಲುವೆಗೆ ಅಡ್ಡಲಾಗಿ ಬಿದ್ದಿತ್ತು. ತಲೆಯ ಹಿಂಭಾಗ ಒಡೆದಿತ್ತು. ರಂಜಾನಿನ ಸಂಜೆ, ಆಜಾನ್ ಹತ್ತಿರವಾದರೂ ಅಪ್ಪ ಉಪವಾಸ ಬಿಡಲು ಮನೆಗೆ ಬರಲಿಲ್ಲವೆಂದು ಮಗಳು ಯಾಮ್ನಾ ಹುಡುಕಿಕೊಂಡು ಬಂದಳು. ತೋಟಕ್ಕೆ ಹೋಗಬೇಕಾದ ನೀರು ಕಾಲುದಾರಿಯ ಮೇಲೆ ಹರಿಯುತ್ತಿತ್ತು. ಯಾಕೆಂದು ಬಗ್ಗಿ ನೋಡಿ ಚೀರಿದಳು.

ಗಡಿಯೂರಾದ ಫಿಗೀಗ್‌ನ ಖರ್ಜೂರದ ತೋಟಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದವನು ಬೂಜಿಯಾನ್. ಅವನ ಮಾತಿಗೆ ಊರಲ್ಲಿ ಎದುರಾಡುವವರಿರಲಿಲ್ಲ.

ಸುದ್ದಿ ಬಂದಾಗ ಇನ್‌ಸ್ಪೆಕ್ಟರ್ ಘಿಜ್ಲಾನ್ ಮೊದಲ ಖರ್ಜೂರ ಬಾಯಿಗಿಟ್ಟಿದ್ದಳಷ್ಟೆ. ಫೆಸ್ ನಗರದಿಂದ ಈ ಮೂಲೆಗೆ ವರ್ಗವಾಗಿ ವಾರವಾಗಿತ್ತು. ದಿನವಿಡೀ ಕಾಫಿಯಿಲ್ಲದೆ ತಲೆ ಸಿಡಿಯುತ್ತಿತ್ತು. ಸಾಲದ್ದಕ್ಕೆ ಐದಕ್ಕೂ ಮುಂಚೆ ಠಾಣೆಗೆ ಬಂದ ಸಲ್ಲಾಮ್ ಎಂಬ ತೋಟದ ಸಾಹುಕಾರ ಆಜಾನ್ ಆಗುವವರೆಗೂ ಎದುರಿಗೆ ಕೂತು ಮೊಬೈಲ್ ಸಿಗ್ನಲ್ ಬಗ್ಗೆ ದೂರು ಹೇಳಿ ಹೇಳಿ ಪ್ರಾಣ ತಿಂದಿದ್ದ.

"ನೋಡಿ ಮೇಡಂ, ಈಗಲೂ ಗಂಟೆ ತಪ್ಪು ತೋರಿಸ್ತಿದೆ," ಎಂದು ಫೋನನ್ನು ಅವಳ ಮೂಗಿನ ಹತ್ತಿರ ಹಿಡಿದಿದ್ದ.

"ಇದು ಪೊಲೀಸ್ ಠಾಣೆ ರೀ, ಮೊಬೈಲ್ ರಿಪೇರಿ ಅಂಗಡಿಯಲ್ಲ," ಎಂದಿದ್ದಳು. ಆದರೂ ಆಸಾಮಿ ಎದ್ದಿರಲಿಲ್ಲ.

ಘಿಜ್ಲಾನ್ ಸಾರಿನ ಬಟ್ಟಲು ಅಲ್ಲೇ ಬಿಟ್ಟು ಎದ್ದಳು. ಅವಸರದಲ್ಲಿ ಚಾರ್ಜಿಗೆ ಹಾಕಿದ್ದ ಫೋನೂ ಅಲ್ಲೇ ಉಳಿಯಿತು.

* * *

ಸತ್ತವನ ಜೇಬಿನಲ್ಲಿ ಫೋನಿತ್ತು. ಕೊನೆಯ ಫೋಟೋ ಕಾಲುವೆಯದು. ಕಲ್ಲುಗಳ ಸಂದಿಯಲ್ಲಿ ಒಂದು ಕಪ್ಪು ಪೈಪು, ಅದರ ಪಕ್ಕದಲ್ಲಿ ಫಳಫಳ ಹೊಳೆಯುವ ನೀರು. ಫೋಟೋ ತೆಗೆದ ಹೊತ್ತು ಐದೂ ಇಪ್ಪತ್ತು.

"ಅಂದ್ರೆ ಐದೂ ಇಪ್ಪತ್ತಕ್ಕೆ ಬದುಕಿದ್ದ," ಎಂದಳು ಘಿಜ್ಲಾನ್.

ಕಾನ್‌ಸ್ಟೇಬಲ್ ಹಕ್ಕೂ ತಲೆಯಾಡಿಸಿದ. ಹಕ್ಕೂ ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ಅದೂ ಅವಳ ಸಿಟ್ಟಿಗೆ ಒಂದು ಕಾರಣ.

ಐದೂವರೆಯ ಸುಮಾರಿಗೆ ಬೂಜಿಯಾನ್‌ನ ಅಣ್ಣನ ಮಗ ಜಿಲಾಲಿ ತೋಟದ ಕಡೆಯಿಂದ ಏರಿ ಬಂದದ್ದನ್ನು ಮಸೀದಿಯ ಬಾಗಿಲಲ್ಲಿದ್ದವರೆಲ್ಲ ನೋಡಿದ್ದರು. ಅವನು ಶಾಲೆಯ ಮೇಷ್ಟ್ರು. ತನ್ನ ಪಾಲಿನ ನೀರು ಮಾರುತ್ತೇನೆಂದು ಚಿಕ್ಕಪ್ಪನ ಜೊತೆ ಜಗಳವಾಡಿದ್ದ.

"ಐದಕ್ಕೆ ಪಾಠ ಮುಗಿಸಿ ಹೋದೆ. ಕೂಗಿದೆ. ಓಗೊಡಲಿಲ್ಲ. ವಾಪಸ್ ಬಂದೆ. ಅಷ್ಟೇ ಮೇಡಂ," ಎಂದ ಜಿಲಾಲಿ.

"ಕಾಲುವೆ ಹತ್ತಿರ ಹೋಗಲಿಲ್ವಾ?"

"ಮುನಿಸಿಕೊಂಡವನು ಎಷ್ಟು ದೂರ ಹೋಗ್ತಾನೆ ಮೇಡಂ? ಬೇಲಿ ಹತ್ತಿರವೇ ನಿಂತು ಕೂಗಿದೆ."

ಯಾಮ್ನಾ ಎಲ್ಲರೆದುರೇ ಅವನ ಮೇಲೆ ಬಿದ್ದಳು. "ಹಾಳಾಗಿ ಹೋಗೋ! ಎತ್ತಿ ಆಡಿಸಿದ ಕೈಯನ್ನೇ ತಿಂದ್ಯಲ್ಲೋ!"

ಆ ರಾತ್ರಿಯೇ ಜಿಲಾಲಿ ಲಾಕಪ್ಪು ಸೇರಿದ.

ಮರುದಿನ ಬೆಳಿಗ್ಗೆ ಹಕ್ಕೂ ಪೈಪಿನ ಜಾಡು ಹಿಡಿದು ಹೋದರೆ ಅದು ಸೇರಿದ್ದು ಸಲ್ಲಾಮ್‌ನ ಹೊಸ ತೋಟದ ತೊಟ್ಟಿಗೆ. ಅವನು ಮುಚ್ಚಿಡಲೂ ಇಲ್ಲ.

"ಹೂಂ, ಕದ್ದು ನೀರು ತಗೊಂಡೆ. ದಂಡ ಹಾಕಿ. ಆದ್ರೆ ಕೊಲೆ? ಐದೂ ಇಪ್ಪತ್ತಕ್ಕೆ ಫೋಟೋ ತೆಗೆದಿದ್ದಾನೆ ಅಂತ ಊರೇ ಮಾತಾಡ್ತಿದೆ. ಆಗ ನಾನೆಲ್ಲಿದ್ದೆ, ನೀವೇ ಹೇಳಿ ಮೇಡಂ."

ಘಿಜ್ಲಾನ್ ಹಲ್ಲು ಕಚ್ಚಿದಳು. ಅವನಿಗೆ ಸಾಕ್ಷಿ ಸ್ವತಃ ಅವಳೇ.

* * *

ಮಧ್ಯಾಹ್ನ ಬೂಜಿಯಾನ್‌ನನ್ನು ಮಣ್ಣು ಮಾಡಿದರು. ಸಂಜೆ ಘಿಜ್ಲಾನ್ ಮತ್ತೆ ತೋಟಕ್ಕಿಳಿದಳು. ಊರು ಇರುವುದು ಬಂಡೆಯ ಮೇಲೆ, ಈ ತೋಟಗಳು ಬಂಡೆಯ ಬುಡದಲ್ಲಿ. ಅಲ್ಲಿಂದಾಚೆ ಅಲ್ಜೀರಿಯಾ. ಜೇಬಿನಲ್ಲಿ ಫೋನು ಟಿಣ್ ಎಂದಿತು. 'ಅಲ್ಜೀರಿಯಾಕ್ಕೆ ಸ್ವಾಗತ.'

"ಇದೊಂದು ಬಾಕಿಯಿತ್ತು!" ಎಂದು ಗೊಣಗಿ ಗಂಟೆ ನೋಡಿದಳು. ಆರೂ ಇಪ್ಪತ್ತು. "ಅಯ್ಯೋ, ಆಜಾನ್ ಆಗೇ ಹೋಯ್ತಲ್ಲ!" ಬಾಟಲಿಯ ಮುಚ್ಚಳ ತಿರುವಿ ಬಾಯಿಗೆತ್ತಿದಳು.

"ಮೇಡಂ, ಕುಡೀಬೇಡಿ!" ಹಕ್ಕೂ ಕೂಗಿದ. "ಅದು ಆಚೆಯವರ ಗಂಟೆ! ಉಪವಾಸ ಮುರೀತದೆ!"

"ಏನು?"

"ರಂಜಾನಿಗೆ ನಮ್ಮ ಸರ್ಕಾರ ಗಡಿಯಾರನ ಒಂದು ಗಂಟೆ ಹಿಂದಕ್ಕೆ ಹಾಕ್ತದಲ್ಲ, ಅವರು ಹಾಕಲ್ಲ. ಬಂಡೆ ಕೆಳಗೆ ಬಂದ್ರೆ ಫೋನು ಅವರ ಟವರ್ ಹಿಡೀತದೆ, ಅವರ ಗಂಟೆ ತೋರಿಸ್ತದೆ. ಈಗ ಐದೂ ಇಪ್ಪತ್ತು ಅಷ್ಟೇ."

"ಇದನ್ನ ನಿನ್ನೆ ಯಾಕಯ್ಯಾ ಹೇಳಲಿಲ್ಲ?"

"ಇದು ಯಾರಿಗೆ ಗೊತ್ತಿಲ್ಲ ಮೇಡಂ?"

"ನನಗೆ! ನನಗೆ ಗೊತ್ತಿಲ್ಲ!"

ಖರ್ಜೂರದ ಗರಿಗಳಿಂದ ಪಾರಿವಾಳಗಳು ಹಾರಿಹೋದವು. ಘಿಜ್ಲಾನ್ ಉಸಿರು ಬಿಟ್ಟು ಸುತ್ತ ನೋಡಿದಳು. ಬಂಡೆಯ ನೆರಳು ಇಡೀ ತೋಟವನ್ನು ನುಂಗಿತ್ತು. ಕಾಲುವೆಯ ನೀರು ಕಪ್ಪಗಿತ್ತು. ಸತ್ತವನ ಫೋನು ತೆಗೆದು ಕೊನೆಯ ಫೋಟೋ ನೋಡಿದಳು. ಅಲ್ಲಿ ನೀರಿನ ಮೇಲೆ ಬಿಸಿಲು ಹೊಳೆಯುತ್ತಿತ್ತು.

"ಹಕ್ಕೂ, ಆಚೆಯ ಟವರ್ ಹಿಡಿದ ಫೋನು ಊರಿಗೆ ಹೋದ ತಕ್ಷಣ ಸರಿಹೋಗ್ತದಾ?"

"ಎಲ್ಲಿ ಮೇಡಂ! ಜಿಗಣೆ ಥರ ಅಂಟಿಕೊಂಡಿರ್ತದೆ. ಸುಮಾರು ಹೊತ್ತು ಬೇಕು."

"ಮೇಲೆ ಊರಲ್ಲೇ ಕೂತವನ ಫೋನು?"

"ಅದಕ್ಕೇನೂ ಆಗಲ್ಲ. ಬಂಡೆ ಅಡ್ಡ ಅಲ್ವಾ?"

* * *

ಠಾಣೆಗೆ ಕರೆಸಿದಾಗ ಸಲ್ಲಾಮ್ ಈ ಸಲವೂ ನಗುತ್ತಲೇ ಬಂದು ಕೂತ.

"ನಿನ್ನೆ ಇಲ್ಲಿಗೆ ಎಲ್ಲಿಂದ ಬಂದ್ರಿ?" ಘಿಜ್ಲಾನ್ ಕೇಳಿದಳು.

"ಮನೆಯಿಂದ ನೇರವಾಗಿ. ಮಧ್ಯಾಹ್ನ ಪೂರ್ತಿ ಮಲಗಿದ್ದೆ."

"ನಿಮ್ಮ ಮನೆ ಮೇಲೂರಲ್ಲಿ, ಮಸೀದಿ ಹಿಂದೆ. ಮಧ್ಯಾಹ್ನ ಪೂರ್ತಿ ಅಲ್ಲೇ ಇದ್ದ ಫೋನಿಗೆ ಅಲ್ಜೀರಿಯಾದ ಗಂಟೆ ಹೇಗೆ ಬಂತು? ನನ್ನ ಮೂಗಿಗೆ ಹಿಡಿದು ತೋರಿಸಿದವರು ನೀವೇ."

ಸಲ್ಲಾಮ್‌ನ ನಗು ನಿಂತಿತು.

"ಬೂಜಿಯಾನ್‌ನ ಫೋನೂ ಆಚೆಯ ಗಂಟೆಯಲ್ಲೇ ಇತ್ತು. ಐದೂ ಇಪ್ಪತ್ತು ಅಂದ್ರೆ ನಮಗೆ ನಾಲ್ಕೂ ಇಪ್ಪತ್ತು. ಬಿಸಿಲು ಅದಕ್ಕೆ ಸಾಕ್ಷಿ. ಆಗ ಜಿಲಾಲಿ ಮಕ್ಕಳ ಮುಂದೆ ಪಾಠ ಮಾಡ್ತಿದ್ದ. ಐದರ ನಂತರ ಅವನು ಕೂಗಿದ್ದು ಸತ್ತವನನ್ನು. ನೀವು ಕೆಳಗೆ ಕೆಲಸ ಮುಗಿಸಿ, ಕೈ ತೊಳೆದು, ಪೊಲೀಸರನ್ನೇ ಸಾಕ್ಷಿ ಮಾಡ್ಕೊಳ್ಳೋಣ ಅಂತ ಇಲ್ಲಿಗೆ ಓಡಿ ಬಂದ್ರಿ. ಹೇಳೋಕೆ ಒಂದು ನೆಪ ಬೇಕಿತ್ತು. ಕೈಯಲ್ಲಿ ಫೋನಿತ್ತು."

ಸಲ್ಲಾಮ್ ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟ. "ಫೋಟೋ ತೆಗೆದಿದ್ದ ಅಂತ ಆಗ ನನಗೆ ಗೊತ್ತೇ ಇರಲಿಲ್ಲ," ಎಂದ. "ಗಿಡ ಒಣಗ್ತಿತ್ತು ಮೇಡಂ. ಸರದಿಗೆ ಬಾ ಅಂದ. ಜುಮ್ಮಾ ದಿನ ಎಲ್ಲರೆದುರು ನಿನ್ನ ಹೆಸರು ಹೇಳ್ತೀನಿ ಅಂದ. ಬೆನ್ನು ತಿರುಗಿಸಿದ. ಕಲ್ಲು ಕೈಗೆ ಸಿಕ್ತು."

* * *

ಘಿಜ್ಲಾನ್ ತಾನೇ ಹೋಗಿ ಲಾಕಪ್ಪಿನ ಬೀಗ ತೆಗೆದಳು. ಜಿಲಾಲಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದ.

"ಚಿಕ್ಕಪ್ಪನ ಮಣ್ಣಿಗೂ ಬಿಡಲಿಲ್ಲ ನೀವು," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೂ ಹಗುರಾಗುತ್ತಿತ್ತು.

"ತಪ್ಪಾಯ್ತು ಮೇಷ್ಟ್ರೇ. ಜೀಪಲ್ಲಿ ಸ್ಮಶಾನಕ್ಕೆ ಬಿಡ್ತೀನಿ, ಬನ್ನಿ."

"ಬೇಡ ಮೇಡಂ."

ಠಾಣೆಯ ಮೆಟ್ಟಿಲ ಮೇಲೆ ಯಾಮ್ನಾ ಕೂತಿದ್ದಳು. ಅವನನ್ನು ಕಂಡು ಎದ್ದಳು. ಜಿಲಾಲಿಯೇ ಹತ್ತಿರ ಹೋದ.

"ಎಲ್ಲಿ ಮಲಗಿಸಿದ್ದೀರಿ, ತೋರಿಸು ಬಾ ಅಕ್ಕ," ಎಂದ.

ಅವಳು ಅವನ ತೋಳು ಹಿಡಿದುಕೊಂಡಳು. ಇಬ್ಬರೂ ಗುಡ್ಡದ ದಾರಿ ಹಿಡಿದರು.